ಹಾಡು ದಾಟಿಸುವುದು ಬೇರೆ, ಹಂಚಿಕೊಳ್ಳುವುದು ಬೇರೆ

ಕೆಲವು ತಿಂಗಳ ಹಿಂದೆ ಕಲ್ಯಾಣದಲ್ಲಿ ನಮ್ಮ ಹಳೆಯ ಗಿರಣಿ ಬಾಂಧವರೊಬ್ಬರು ತೀರಿಕೊಂಡರು. ಭೀಮಾ ತೀರದ ಕಡೆಯವರು. ಪರೇಲಿನ ಗಿರಣಿಯೊಂದರ ಮಗ್ಗದ ಖಾತೆಯಲ್ಲಿ ದುಡಿದು, 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ಆಮೇಲೆ ರಾತ್ರಿ ಕಾವಲು ಕಾದು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು. ಊರಿನಲ್ಲಿದ್ದಾಗ ಮೊಹರಮ್ಮಿಗೆ ರಿವಾಯತ್ ಪದ ಹಾಡುತ್ತಿದ್ದರು. ಇಲ್ಲಿಗೆ ಬಂದ ಮೇಲೂ ಚಾಳಿನ ಗೆಳೆಯರು ಕೂಡಿದ ದಿನ ಕೈಯನ್ನು ಕಿವಿಗೆ ಹಚ್ಚಿ ಒಂದು ಎತ್ತರದ ದನಿ ಎತ್ತಿದರೆಂದರೆ ಕೆಳಗಿನ ಅಂತಸ್ತಿನವರು ನಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ದಿನಕಾರ್ಯಗಳೆಲ್ಲ ಮುಗಿದ ಮೇಲೆ ಮಗ ತಂದೆಯ ಮೊಬೈಲನ್ನು ತೆರೆದು ನೋಡಿದ. ಶುಭೋದಯದ ಹೂವಿನ ಚಿತ್ರಗಳು ಸಾವಿರಕ್ಕೆ ಮಿಕ್ಕಿ ಇದ್ದವು. ಯಾರೋ ಎಲ್ಲಿಯೋ ಹಾಡಿದ ಭಾವಗೀತೆಗಳು, ದೇವರ ನಾಮಗಳು, ಕವಿಯ ಹೆಸರಿಲ್ಲದ ಕವನಗಳು ರಾಶಿ ಬಿದ್ದಿದ್ದವು. ತಂದೆಯ ಸ್ವರದಲ್ಲಿ ಒಂದೇ ಒಂದು ಪದ ಇರಲಿಲ್ಲ.

ಈ ಸಂಗತಿಯನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಮೆಚ್ಚಿದ ಹಾಡನ್ನು, ಮೆಚ್ಚಿದ ಕವನವನ್ನು ಗೆಳೆಯರಿಗೆ ಮುಟ್ಟಿಸುವ ಹವ್ಯಾಸ ನಮ್ಮವರಲ್ಲಿ ಈಗ ಇದ್ದಷ್ಟು ಎಂದೂ ಇರಲಿಲ್ಲ. ಠಾಣೆಯ ಹೋಟೇಲಿನ ಸಪ್ಲಯರನಿಂದ ಹಿಡಿದು ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡ ನಿವೃತ್ತ ಗಿರಣಿ ಕೆಲಸಗಾರರ ತನಕ ಎಲ್ಲರ ಕೈಯಲ್ಲೂ ಇದು ನಡೆದಿದೆ. ಇದು ಕೆಟ್ಟದ್ದೆಂದು ನಾನು ಹೇಳುವವನಲ್ಲ. ಆದರೆ ಹೇಗೆ ನಡೆದಿದೆ, ಅದರಿಂದ ನಮ್ಮ ಕೈಗೆ ಉಳಿಯುವುದೇನು ಎಂಬುದನ್ನು ಕೇಳಬೇಕಾಗಿದೆ.

ಹಿಂದಿನ ಮಾತನ್ನು ಸ್ವಲ್ಪ ನೆನೆಯೋಣ. ಗ್ರಾಮೋಫೋನಿನ ಕಾಲದಲ್ಲಿ ಒಂದು ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ಮಿನಿಟಿನ ಹಾಡು. ಪಿ. ಕಾಳಿಂಗರಾಯರು ಉಡುಪಿ ಕಡೆಯ ಆರೂರಿನವರು, 1914ರಲ್ಲಿ ಹುಟ್ಟಿದವರು. ಕನ್ನಡ ಕವಿಗಳ ಪದ್ಯಗಳನ್ನು ಸಾಮಾನ್ಯ ಜನರ ಬಾಯಿಗೆ ತಂದದ್ದು ಅವರು. ತಟ್ಟೆ ಕೊಳ್ಳುವ ಶಕ್ತಿ ಎಲ್ಲರಿಗೆಲ್ಲಿ? ಯಂತ್ರ ಒಬ್ಬರದು, ತಟ್ಟೆ ಇನ್ನೊಬ್ಬರದು, ಕೇಳುವವರು ಇಡೀ ಓಣಿ. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ನಿಲಯ ಆರಂಭವಾಯಿತು. ರೇಡಿಯೋ ಇದ್ದ ಮನೆಯ ಮುಂದೆ ಜನ ಕೂಡುವುದು ವಾಡಿಕೆಯಾಯಿತು. 1978ರಲ್ಲಿ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿ ಬಂದಿತು. ಕವನ ನಿಸಾರ್ ಅಹಮದರದು, ಧಾಟಿ ಮೈಸೂರು ಅನಂತಸ್ವಾಮಿಗಳದು. ಕನ್ನಡ ಭಾವಗೀತೆ ಕ್ಯಾಸೆಟ್ಟಾಗಿ ಮನೆಮನೆಗೆ ಹೋದದ್ದು ಅಲ್ಲಿಂದ. ಒಂದು ಕ್ಯಾಸೆಟ್ಟು ಕೈಯಿಂದ ಕೈಗೆ ಹೋಗಿ, ಟೇಪು ಸವೆದು, ಪೆನ್ಸಿಲು ತಿರುವಿ ಮತ್ತೆ ಸುತ್ತಿ ಕೇಳಿದ ನೆನಪು ಐವತ್ತು ದಾಟಿದ ಪ್ರತಿಯೊಬ್ಬರಿಗೂ ಇದ್ದೀತು. ಕೊಡುವವನು ಕ್ಯಾಸೆಟ್ಟಿನ ಜೊತೆಗೆ ಒಂದು ಮಾತನ್ನೂ ಕೊಡುತ್ತಿದ್ದ: ಎರಡನೆಯ ಮಗ್ಗುಲಿನ ಮೂರನೆಯದನ್ನು ಕೇಳು, ತಿರುಗಿ ಕೊಡುವಾಗ ಹೇಗಿತ್ತು ಹೇಳು.

ಆ ಹೊತ್ತಿಗೆ ನಾವೆಲ್ಲ ಒತ್ತೊತ್ತಾಗಿ ಇದ್ದೆವು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಇಳಿದಿದ್ದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರೇಲ್, ಲಾಲಬಾಗ, ವರಳಿಯ ಖೋಲಿಗಳನ್ನು ಬಿಟ್ಟು ಎಷ್ಟೋ ಕುಟುಂಬಗಳು ರೈಲುದಾರಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣ ಸೇರಿದವು. ವಾಶಿಗೆ ರೈಲು ಬಂದದ್ದೇ 1992ರಲ್ಲಿ. ಆಮೇಲೆ ನವಿಮುಂಬಯಿಯಲ್ಲೂ ನಮ್ಮವರ ಹೋಟೇಲುಗಳು, ಮನೆಗಳು ಹೆಚ್ಚಿದವು. ಗೋಡೆಗೆ ಗೋಡೆ ಹತ್ತಿದ್ದ ಗೆಳೆಯರ ನಡುವೆ ಈಗ ಎರಡು ರೈಲು, ಒಂದು ರಿಕ್ಷಾ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಂತರ್ಜಾಲ ಅಗ್ಗವಾಗಿ ಹೋಟೇಲಿನ ಹುಡುಗನ ಕೈಗೂ ಎಟುಕಿತು. ಅಗಲಿಹೋದವರನ್ನು ಮೊಬೈಲು ಮತ್ತೆ ಕೂಡಿಸಿತು ಎಂಬುದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾದೀತು.

ಇನ್ನು ನಡೆಯುವುದನ್ನು ನೋಡಿ. ಠಾಣೆಯ ಹೋಟೇಲೊಂದರಲ್ಲಿ ಕೆಲಸ ಮಾಡುವ ಕುಂದಾಪುರ ಕಡೆಯ ಹುಡುಗ ನನಗೊಂದು ಹಾಡು ಕಳಿಸಿದ್ದ. ಮರುದಿನ ಸಿಕ್ಕಾಗ, "ಬಹಳ ಚೆನ್ನಾಗಿತ್ತಪ್ಪ, ಹಾಡಿದ್ದು ಯಾರು?" ಎಂದು ಕೇಳಿದೆ. ಹುಡುಗ ತಲೆ ತುರಿಸಿಕೊಂಡ. "ನಾನೇ ಇನ್ನೂ ಕೇಳ್ಲಿಲ್ಲ ಅಣ್ಣ. ಬಂತು, ಹಾಕಿದೆ" ಎಂದ. ಅವನನ್ನು ಬಯ್ಯುವುದು ಹೇಗೆ? ಬೆಳಗಿನ ಐದಕ್ಕೆ ಎದ್ದು ರಾತ್ರಿಯ ತನಕ ಓಡಾಡುವವನು. ಆದರೆ ನನಗೆ ಬಂದದ್ದು ಅವನ ಮೆಚ್ಚುಗೆಯೆಂದು ನಾನು ತಿಳಿದಿದ್ದೆ; ಅಂಚೆಯವನ ಕೈಚೀಲದಲ್ಲಿ ಬಂದ ಹಾಗೆ ಅವನ ಕೈಯನ್ನು ಹಾದು ಬಂದಿತ್ತು, ಅಷ್ಟೆ. ಒಂದು ವಾಟ್ಸಾಪು ಗುಂಪಿನಲ್ಲಿ ಇಂದು 1024 ಮಂದಿ ಇರಬಹುದು. ಅಷ್ಟು ಜನರಿಗೆ ಒಂದೇ ಬೆರಳಿನಲ್ಲಿ ಕಳಿಸಿದ ಹಾಡನ್ನು ಯಾರು ಕೇಳಿದರು, ಯಾರ ಕಣ್ಣಲ್ಲಿ ನೀರು ಬಂತು ಎಂದು ಕಳಿಸಿದವನಿಗೆ ತಿಳಿಯುವ ದಾರಿಯೇ ಇಲ್ಲ. ಸುಳ್ಳು ಸುದ್ದಿ ನಂಬಿದ ಜನ ಅಮಾಯಕರನ್ನು ಬಡಿದು ಕೊಂದ ತರುವಾಯ, 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಬಹುದೆಂದು ಆ ಕಂಪನಿಯೇ ಮಿತಿ ಹಾಕಿತು. ಹಾಡಿಗೆ ಐದೂ ಹೆಚ್ಚೆಂದು ನನಗೆ ಅನಿಸುತ್ತದೆ.

ಇನ್ನೊಂದು ವಿಷಯವಿದೆ, ನಮ್ಮಂಥ ದುಡಿಯುವವರು ಇದನ್ನು ಮೊದಲು ಕಾಣಬೇಕಿತ್ತು. ಗಿರಣಿಯಲ್ಲಿ ಬದಲಿ ಕೆಲಸಗಾರನ ಪಾಡು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಯಂ ಪಟ್ಟಿಯಲ್ಲಿ ಹೆಸರಿಲ್ಲ. ಬಟ್ಟೆ ನೇಯ್ದದ್ದು ಅವನೇ ಆದರೂ ಲೆಕ್ಕಕ್ಕೆ ಅವನಿಲ್ಲ. ಹೆಸರು ಕತ್ತರಿಸಿ ಕವನ ದಾಟಿಸಿದಾಗ ಕವಿಯನ್ನು ನಾವು ಅದೇ ಬದಲಿಯವನನ್ನಾಗಿ ಮಾಡುತ್ತೇವೆ. ಒಂದು ಭಾವಗೀತೆಗೆ ಮೂವರ ದುಡಿಮೆ ಬೇಕು: ಬರೆದವರು, ಧಾಟಿ ಕಟ್ಟಿದವರು, ಹಾಡಿದವರು. ಮೂವರನ್ನೂ ಬಿಟ್ಟು, ಬೆಟ್ಟದ ಮೇಲೆ ಸೂರ್ಯ ಹುಟ್ಟುವ ಚಿತ್ರವನ್ನು ಅಂಟಿಸಿ ಕಳಿಸುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ತಮಗೆ ಗೊತ್ತಿದ್ದ ಒಂದು ದೊಡ್ಡ ಹೆಸರನ್ನು ಕೆಳಗೆ ಸೇರಿಸುತ್ತಾರೆ. ಬೇಂದ್ರೆಯವರು ಬರೆಯದ ಪದ್ಯಕ್ಕೆ ಬೇಂದ್ರೆ ಹೆಸರು, ಡಿ.ವಿ.ಜಿ.ಯವರು ಕನಸಿನಲ್ಲೂ ಕಾಣದ ಸಾಲಿಗೆ ಮಂಕುತಿಮ್ಮನ ಹೆಸರು! 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಬರೆದವನದು ಎಂದು ಬೇರೆಯಾಗಿಯೇ ಬರೆದಿದೆ. ಕೃತಿಯ ಹಕ್ಕು ಅವನು ಸತ್ತ ಮೇಲೂ ಅರುವತ್ತು ವರ್ಷ ಇರುತ್ತದೆ. 1981ರಲ್ಲಿ ಇದೇ ಮುಂಬಯಿಯಲ್ಲಿ ಕೊನೆಯುಸಿರೆಳೆದ ಬೇಂದ್ರೆಯವರ ಕವನಗಳಿಗೆ 2041ರ ಕೊನೆಯ ತನಕ ಆ ರಕ್ಷಣೆಯಿದೆ. ಕವನ ಸಂಗ್ರಹವನ್ನು ಹಾಳೆಹಾಳೆಯಾಗಿ ಚಿತ್ರ ತೆಗೆದು ಇಡೀ ಗುಂಪಿಗೆ ಹಂಚುವ ಧಾರಾಳಿಗಳು ಇದನ್ನು ಗಮನಿಸಲಿ. ಅದು ಬೇರೊಬ್ಬರ ಗಲ್ಲೆಯಿಂದ ಮಾಡಿದ ದಾನ.

ನಮ್ಮ ಹಿಂದಿನವರು ಈ ಅಪಾಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಾಯಿಂದ ಬಾಯಿಗೆ ಹೋಗುವ ಪದದಲ್ಲಿ ಹೆಸರು ಉದುರಿ ಹೋಗದಂತೆ ಪದದೊಳಗೇ ಅಂಕಿತವನ್ನು ನೇಯ್ದು ಇಟ್ಟರು. ಪುರಂದರದಾಸರ ಪದವನ್ನು ಹರಿದಾರಿ ದೂರದಲ್ಲಿ ಕೇಳಿದರೂ ಪುರಂದರ ವಿಠಲ ಬಂದೊಡನೆ ಯಾರದೆಂದು ತಿಳಿಯುತ್ತದೆ. ಕನಕದಾಸರಿಗೆ ಕಾಗಿನೆಲೆಯ ಆದಿಕೇಶವ, ಶರೀಫ ಸಾಹೇಬರಿಗೆ ಶಿಶುನಾಳಧೀಶ. ವಚನಕಾರರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ಇಟ್ಟುಕೊಂಡರೆ, ದೋಣಿ ನಡೆಸಿ ಹೊಟ್ಟೆ ಹೊರೆದ ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ನನಗೆ ಆತನ ಮೇಲೆ ವಿಶೇಷ ಪ್ರೀತಿ ಇರುವುದು ಈ ಕಾರಣಕ್ಕೂ ಹೌದು. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಕೂಲಿಕಾರ, ಇದು ನನ್ನ ಮಾತು ಎಂದು ಎದೆ ತಟ್ಟಿ ರುಜು ಹಾಕಿದ್ದಾನೆ. ಎಂಟುನೂರು ವರ್ಷ ಆ ರುಜು ಅಳಿಸಲಿಲ್ಲ.

ಹಂಚಿಕೊಳ್ಳುವುದೆಂದರೆ ಹೇಗಿರಬೇಕು ಎಂಬುದಕ್ಕೆ ಹಲಸಂಗಿಯ ಗೆಳೆಯರನ್ನು ನೋಡಬೇಕು. ಹಲಸಂಗಿ ವಿಜಾಪುರ ಜಿಲ್ಲೆಯ ಒಂದು ಸಣ್ಣ ಊರು. ಸೊಲ್ಲಾಪುರ ಅಲ್ಲಿಗೆ ದೂರವಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬ ಮೊದಲಾದವರು ಅಲ್ಲಿ ಗೆಳೆಯರಾಗಿ ಕೂಡಿದರು. ಹಣವಂತರಲ್ಲ. ಒಬ್ಬ ಕೇಳಿದ ಹಾಡನ್ನು ಇನ್ನೊಬ್ಬನಿಗೆ ಹೇಳುವುದು, ಒಬ್ಬ ಓದಿದ್ದನ್ನು ಎಲ್ಲರೂ ಕೂಡಿ ಚರ್ಚಿಸುವುದು, ಇದೇ ಅವರ ಕೂಟ. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುವ ತ್ರಿಪದಿಗಳನ್ನು ಕೇಳಿ ಕೇಳಿ ಬರೆದಿಟ್ಟರು. ಅದೇ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂತು. ಅಕ್ಷರ ಬಾರದ ತಾಯಂದಿರ ಪದ ಕನ್ನಡ ಸಾಹಿತ್ಯದ ದೊಡ್ಡ ಆಸ್ತಿಯಾಯಿತು. ಅದೇ ಸುಮಾರಿಗೆ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ನಡೆಯುತ್ತಿತ್ತು. ಬರೆದ ಪದ್ಯವನ್ನು ಮೊದಲು ಗೆಳೆಯರ ಮುಂದೆ ಹಾಡಿ ತೋರಿಸುವ ಪದ್ಧತಿ ಅಲ್ಲಿ. ಬೇಂದ್ರೆಯವರು ಮುಂದೆ ಗಿರಣಿಗಳ ಊರಾದ ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷ ಕಲಿಸಿದರು. ಹಲಸಂಗಿಯವರ ಹತ್ತಿರ ಇದ್ದದ್ದು ಕಾಗದ, ಪೆನ್ಸಿಲು. ನಮ್ಮ ಜೇಬಿನಲ್ಲಿ ಧ್ವನಿಮುದ್ರಣದ ಯಂತ್ರವೇ ಇದೆ. ಅವರು ಒಂದು ಪದಕ್ಕಾಗಿ ಕಾದು ಕೂರುತ್ತಿದ್ದರು. ನಾವು ಬಂದದ್ದನ್ನು ಕೇಳದೆ ಮುಂದೆ ತಳ್ಳುತ್ತೇವೆ.

ಹೋಟೇಲಿನವರು ಒಂದು ಆಕ್ಷೇಪ ಎತ್ತುವುದುಂಟು: "ಪುರುಸೊತ್ತು ಎಲ್ಲಿದೆ ಮಾರಾಯ್ರೆ? ರೂಮಿಗೆ ಹೋಗಿ ಬಿದ್ದರೆ ಸಾಕಾಗಿರುತ್ತದೆ." ನಿಜ. ಕೆಲಸದ ಗಂಟೆಗಳ ಬಗ್ಗೆ ಈ ಪತ್ರಿಕೆ ಬರೆಯಬೇಕಾದುದು ಬೇಕಾದಷ್ಟಿದೆ, ಅದನ್ನು ಬೇರೆಯಾಗಿ ಬರೆಯೋಣ. ಆದರೆ ಹಳೆಯ ತಟ್ಟೆಯ ಹಾಡು ಮೂರು ಮಿನಿಟಿನದು ಎಂದೆನಲ್ಲ? ದಿನಕ್ಕೆ ನಲವತ್ತು ಹಾಡು ದಾಟಿಸುವ ಬೆರಳಿಗೆ ವಾರಕ್ಕೆ ಒಂದು ಹಾಡನ್ನು ಪೂರ್ತಿ ಕೇಳಿ, ಒಬ್ಬ ಗೆಳೆಯನಿಗೆ, ಕವಿಯ ಹೆಸರು ಹಾಡಿದವರ ಹೆಸರು ಸಹಿತ, ಇದು ನನಗೆ ಏತಕ್ಕೆ ಹಿಡಿಸಿತು ಎಂಬ ಎರಡು ಮಾತು ಸೇರಿಸಿ ಕಳಿಸಲು ಬಾರದೆ? ಬರೆಯಲು ಬೇಸರವಾದರೆ ಬಾಯಲ್ಲೇ ಹೇಳಿ ಕಳಿಸಿ.

ಬಾಯಲ್ಲೇ ಹೇಳುವುದು ಇನ್ನೊಂದು ಕಾರಣಕ್ಕೂ ಮೇಲು. ಇಲ್ಲಿ ಹುಟ್ಟಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಓದುವ ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಕನ್ನಡ ಅಕ್ಷರ ಬರುವುದಿಲ್ಲ. ನೀವು ಕನ್ನಡದಲ್ಲಿ ಬರೆದು ಕಳಿಸಿದ ಕವನ ಅವರ ಪಾಲಿಗೆ ಜಿಲೇಬಿಯ ಸುರುಳಿ. ಆದರೆ ಕಿವಿಯಿದೆಯಲ್ಲ! ಅಜ್ಜಿಯ ಸ್ವರದಲ್ಲಿ ಒಂದು ಸೋಬಾನೆ, ಅಪ್ಪನ ಸ್ವರದಲ್ಲಿ ಒಂದು ಯಕ್ಷಗಾನದ ಪದ ಅವರ ಮೊಬೈಲಿನಲ್ಲಿ ಇದ್ದರೆ, ಇಂದು ಕೇಳದಿದ್ದರೂ ಮುಂದೊಂದು ದಿನ ಕೇಳಿಯಾರು. ತುಳುವರ ಮನೆಯಲ್ಲಿ ಪಾಡ್ದನ ಬಲ್ಲ ಹಿರಿಯರಿದ್ದರೆ ಅದೂ ಆಗಲಿ. ಕನ್ನಡವೇ ಆಗಬೇಕೆಂಬ ಹಟ ನನಗಿಲ್ಲ.

ಭಾಷೆಯ ಗಡಿ ಹಾಡಿಗೆ ಇರಲೂ ಬಾರದು. ಕಲ್ಯಾಣ, ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್ಲಿನಲ್ಲಿ ತಾಳ ಹಿಡಿದ ಭಜನಾ ಮಂಡಳಿಗಳನ್ನು ಎಲ್ಲರೂ ನೋಡಿದ್ದೀರಿ. ನಿಲ್ಲಲು ಜಾಗವಿಲ್ಲದ ಡಬ್ಬಿಯಲ್ಲಿ ಅವರು ಎತ್ತಿದ ಅಭಂಗಕ್ಕೆ ಪರಿಚಯವಿಲ್ಲದವನೂ ದನಿಗೂಡಿಸುತ್ತಾನೆ. ಗದುಗಿನ ಭೀಮಸೇನ ಜೋಶಿಯವರ ಅಭಂಗವಾಣಿಯನ್ನು ಮರಾಠಿಗರು ತಮ್ಮದೆಂದೇ ತಿಳಿದಿದ್ದಾರೆ, ಅವರ ದಾಸರ ಪದಗಳನ್ನು ನಾವು ನಮ್ಮದೆಂದಿದ್ದೇವೆ, ಇಬ್ಬರೂ ಸರಿ. ಪಂಢರಿಯ ವಿಠಲನನ್ನು ಜ್ಞಾನೇಶ್ವರರೇ ಕನ್ನಡಿಗನೆಂದು ಕರೆದಿದ್ದಾರೆ. ಉಡುಪಿ ಹೋಟೇಲುಗಳ ಅಡಿಗೆಮನೆಯಲ್ಲಿ ಇಂದು ಒಡಿಶಾದ, ಉತ್ತರ ಪ್ರದೇಶದ, ನೇಪಾಳದ ಹುಡುಗರೂ ಇದ್ದಾರೆ. ಒಂದೇ ರೂಮಿನಲ್ಲಿ ಎಂಟು ಜನ ಮಲಗಿ ಎಂಟು ಕಿವಿಗೂಟ ಚುಚ್ಚಿಕೊಂಡು ಎಂಟು ಹಾಡು ಕೇಳುವ ಬದಲು, ವಾರದ ರಜೆಯ ಹಿಂದಿನ ರಾತ್ರಿ ಒಬ್ಬೊಬ್ಬರು ಒಂದೊಂದು ಹಾಕಿ ಎಂಟು ಜನ ಕೇಳಿದರೆ ಖರ್ಚೇನೂ ಇಲ್ಲ. (ಇದನ್ನು ಓದಿ ಯಾರೂ ರೈಲಿನ ಡಬ್ಬಿಯಲ್ಲಿ ಮೊಬೈಲನ್ನು ಗಟ್ಟಿಯಾಗಿ ಬಿಡಬೇಡಿ. ಅದು ಹಂಚಿಕೊಳ್ಳುವುದಲ್ಲ, ಮೈಮೇಲೆ ನೀರು ಎರಚುವುದು.)

ಕಲ್ಯಾಣದ ಆ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಮಗ ಸುಮ್ಮನೆ ಕೂತಿಲ್ಲ. ತಂದೆ ಹೆಚ್ಚಾಗಿ ಹಾಡುತ್ತಿದ್ದ ಒಂದು ಪದವನ್ನು ಹುಡುಕುತ್ತಿದ್ದಾನೆ. ಹಸನ್ ಹುಸೇನರ ಕಥೆಯ ಪದ. ನಡುವೆ ತಾಯಿ ಮಗನನ್ನು ಬೀಳ್ಕೊಡುವ ಮಾತು ಬರುತ್ತದೆ. ಮೊದಲಿನ ಎರಡು ನುಡಿ ತಾಯಿಗೆ ನೆನಪಿದ್ದವು. ಆಕೆ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದಿದ್ದಾನೆ. ಮೂರನೆಯದು ಉಲ್ಲಾಸನಗರದಲ್ಲಿರುವ ತಂದೆಯ ಹಳೆಯ ಜೊತೆಗಾರರಲ್ಲಿ ಸಿಕ್ಕಿತು. ಅವರಿಗೆ ಈಗ ಎಂಬತ್ತು ದಾಟಿದೆ, ದನಿ ನಡುಗುತ್ತದೆ. ಇನ್ನೂ ಎರಡು ನುಡಿ ಇದ್ದವೆಂದು ಅವರೇ ಹೇಳುತ್ತಾರೆ, ಬಾಯಿಗೆ ಬರಲೊಲ್ಲವು. ಭೀಮಾ ತೀರದ ಕಡೆಯ ರಿವಾಯತ್ ಬಲ್ಲವರು ಠಾಣೆ, ನವಿಮುಂಬಯಿ ಕಡೆ ಯಾರಾದರೂ ಇದ್ದರೆ ಸಂಘದ ಕಚೇರಿಗೆ ಬಂದು ತಿಳಿಸಿರಿ. ಹುಡುಗ ಭಾನುವಾರ ನಿಮ್ಮ ಮನೆಗೇ ಬರುತ್ತಾನೆ.