ನೀರು ಎಲ್ಲರಿಗೂ, ಸೊಂಟನೋವು ಮಾತ್ರ ನಮಗಾ?

‘ವಯಸ್ಸಾಯ್ತಲ್ಲ ರೀ, ಸೊಂಟನೋವು ಇದ್ದದ್ದೇ’ ಅಂತ ಮೂವತ್ತೈದಕ್ಕೇ ಹೇಳಿಬಿಡ್ತೀವಿ. ರಾತ್ರಿ ಮುಲಾಮು, ಬೆಳಿಗ್ಗೆ ಮತ್ತದೇ ಕೆಲಸ. ಆದರೆ ಆ ಕೆಲಸವನ್ನು ಹೇಗೆ ಮಾಡ್ತಿದ್ದೀವಿ ಅಂತ ಒಮ್ಮೆಯಾದರೂ ಗಮನಿಸಿದ್ದೀರಾ?

ನೀರಿನ ಕ್ಯಾನನ್ನೇ ತಗೊಳ್ಳಿ. ನಮ್ಮ ಕೋಲಾರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೇ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ. 20 ಲೀಟರ್ ನೀರು ಅಂದ್ರೆ 20 ಕೆ.ಜಿ. ಭಾರ. ಅಷ್ಟೇ ತೂಕದ ಅಕ್ಕಿ ಮೂಟೆಯನ್ನು ಅಂಗಡಿ ಹುಡುಗ ತಂದಿಡಲಿ ಅಂತೀವಿ. ಕ್ಯಾನನ್ನು ಮಾತ್ರ ನಾವೇ ಬಗ್ಗಿ ಎತ್ತಿ, ಒಂದೇ ಪಕ್ಕಕ್ಕೆ ವಾಲಿಕೊಂಡು ಮೆಟ್ಟಿಲು ಹತ್ತುತ್ತೀವಿ!

ಮಂಡಿ ಮಡಚದೆ ಬಗ್ಗಿ ಎತ್ತಿದರೆ ಭಾರವೆಲ್ಲ ಬೆನ್ನುಮೂಳೆಯ ಕೆಳಭಾಗಕ್ಕೆ ಬೀಳುತ್ತೆ. ಕ್ಯಾನ್ ಪಕ್ಕದಲ್ಲೇ ಪಾದ ಅಗಲಿಸಿ ನಿಲ್ಲಿ, ಮಂಡಿ ಮಡಚಿ ಕೂರಿ, ಕ್ಯಾನನ್ನು ಮೈಗೆ ಒತ್ತಿಕೊಂಡು ಕಾಲಿನ ಬಲದಿಂದ ಏಳಿ. ಎತ್ತುವಾಗ ಸೊಂಟ ತಿರುಚಬೇಡಿ. 10 ಲೀಟರಿನ ಎರಡು ಕ್ಯಾನ್ ಇಟ್ಟುಕೊಂಡರೆ ಇನ್ನೂ ಒಳ್ಳೇದು, ಎರಡೂ ಕೈಗೆ ಸಮಭಾರ.

ಅಡುಗೆಮನೆಯ ಕಥೆಯೂ ಇದೇ. ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ತೀರ್ಮಾನಿಸೋದು ಮೇಸ್ತ್ರಿ ಮತ್ತು ಯಜಮಾನರು, ಅದರ ಮುಂದೆ ದಿನವಿಡೀ ನಿಲ್ಲೋದು ನಾವು. ಕಟ್ಟೆ ನಿಮ್ಮ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿದ್ದರೆ ಬಗ್ಗೋ ಕಷ್ಟ ಇಲ್ಲ. ಮನೆ ಕಟ್ಟಿಸುತ್ತಿದ್ದರೆ ಈಗಲೇ ಬಾಯಿಬಿಟ್ಟು ಹೇಳಿ. ಮನೆಮಂದಿಗೆಲ್ಲ ಮುಳಬಾಗಿಲು ದೋಸೆ ಹುಯ್ಯುವಾಗ ಒಂದು ಕಾಲನ್ನು ಸಣ್ಣ ಮಣೆ ಮೇಲಿಡಿ, ಸ್ವಲ್ಪ ಹೊತ್ತಿಗೆ ಕಾಲು ಬದಲಿಸಿ. ಶ್ರೀನಿವಾಸಪುರದ ಮಾವು ಬಂದು ಉಪ್ಪಿನಕಾಯಿಗೆ ಕೂತಿರೋ, ಅರ್ಧ ಗಂಟೆಗೊಮ್ಮೆ ಈಳಿಗೆಮಣೆ ಬಿಟ್ಟು ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡೋ ಮಗಳಿಗೆ, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿ ಅಂತ ಹೇಳಿ. ಕತ್ತಿಗೂ ನೆಮ್ಮದಿ.

ಆದರೆ ಎಲ್ಲ ನೋವೂ ಭಂಗಿಯಿಂದಲೇ ಬರಲ್ಲ. ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದರೆ ಬೆನ್ನು, ಕೀಲುಗಳು ಬಿಗಿಯಾಗಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ ಅನ್ನೋದು ನೆನಪಿರಲಿ. ಬೆನ್ನು ಬಗ್ಗದಷ್ಟು ಬಿಗಿಯಾದರೆ, ನೋವು ಕಾಲಿಗಿಳಿದು ಜೋಮು ಹಿಡಿದರೆ ಮುಲಾಮು ಸಾಕು ಅಂತ ಕೂರಬೇಡಿ, ವೈದ್ಯರಿಗೆ ತೋರಿಸಿ.

‘ನೆಟ್ಟಗೆ ನಿಲ್ಲು’ ಅಂತ ಹೆಂಗಸರಿಗೆ ಉಪದೇಶ ಮಾಡೋದು ಸುಲಭ. ಭಾರ ಹಂಚಿಕೊಳ್ಳದೆ ಬೆನ್ನು ನೆಟ್ಟಗಾಗೋದು ಹೇಗೆ? ನಾಳೆಯಿಂದ ಕ್ಯಾನ್ ತರೋ ಸರದಿ ಯಜಮಾನರಿಗೂ, ಬೆಳೆದ ಮಗನಿಗೂ ಬರಲಿ. ನೀರು ಅವರೂ ಕುಡೀತಾರಲ್ವಾ?