ಕನ್ನಡ ಕೇಳಿದ ಕೂಡಲೇ ಕರಗಬೇಡಿ

ಕಳೆದ ಬೇಸಿಗೆಯಲ್ಲಿ ಹಾಸನದಿಂದ ಚಿಕ್ಕಪ್ಪ ಕೀಲ್ಪಾಕ್‌ನ ನಮ್ಮ ಮನೆಗೆ ಬಂದಿದ್ದರು. ರೈಲಿಳಿದು ಹೊರಬರುತ್ತಿದ್ದಂತೆ ಒಬ್ಬ ಹುಡುಗ ‘ಸಾರ್, ಕನ್ನಡದವರಾ?’ ಎಂದು ಹತ್ತಿರ ಬಂದನಂತೆ. ಪರ್ಸ್ ಕಳೆದುಹೋಗಿದೆ, ಊರಿಗೆ ಹೋಗಲು ದುಡ್ಡಿಲ್ಲ ಎಂದು ಕಣ್ಣೀರು ಹಾಕಿದ. ಚಿಕ್ಕಪ್ಪ ಒಂದೂವರೆ ಸಾವಿರ ಕೊಟ್ಟರು. ಆಮೇಲೆ ಅವನು ಬರೆದುಕೊಟ್ಟ ನಂಬರಿಗೆ ಕರೆ ಹೋಗಲೇ ಇಲ್ಲ. ಇದನ್ನು ಅವರು ನನಗೆ ಹೇಳಿದ್ದು ನಾಲ್ಕನೇ ದಿನ, ಊರಿಗೆ ಹೊರಡುವಾಗ.

ಪರಊರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಯಾರಿಗಾದರೂ ಮನಸ್ಸು ಅರಳುತ್ತದೆ. ಮೋಸಗಾರರಿಗೆ ಬೇಕಿರುವುದೂ ಅದೇ. ಹಾಗೆಂದು ಕಷ್ಟದಲ್ಲಿರುವವರನ್ನು ಕಂಡು ಮುಖ ತಿರುಗಿಸಬೇಕಿಲ್ಲ. ಕೈಗೆ ದುಡ್ಡು ಕೊಡುವ ಬದಲು ಕೌಂಟರಿಗೆ ಕರೆದೊಯ್ದು ಟಿಕೆಟ್ ತೆಗೆಸಿಕೊಡಿ. ‘ಬಾ, ರೈಲ್ವೆ ಪೊಲೀಸರ ಹತ್ತಿರ ಹೋಗೋಣ’ ಎನ್ನಿ. ನಿಜವಾಗಿ ತೊಂದರೆಯಲ್ಲಿರುವವರು ಸಾಮಾನ್ಯವಾಗಿ ಜೊತೆಗೆ ಬರುತ್ತಾರೆ. ಮೋಸಗಾರರು ಮೆಲ್ಲಗೆ ಜಾರಿಕೊಳ್ಳುತ್ತಾರೆ.

ಊರಿಂದ ಬರುವವರಿಗೆ ಇದನ್ನೆಲ್ಲ ಮೊದಲೇ ಹೇಳುವ ಹೊಣೆ ಇಲ್ಲಿರುವ ನಮ್ಮದು. ಆಟೊದವರೊಂದಿಗೆ ಚೌಕಾಸಿ ಮಾಡುತ್ತ ನಿಂತ ಹೊಸಬರ ಮೇಲೆಯೇ ಎಲ್ಲರ ಕಣ್ಣು. ಸೆಂಟ್ರಲ್‌ನಲ್ಲಿ ಮೆಟ್ರೊ ಹತ್ತಿದರೆ ಎಗ್ಮೋರ್, ನೆಹರೂ ಪಾರ್ಕ್ ದಾಟಿ ಮೂರನೆಯದೇ ಕೀಲ್ಪಾಕ್ ಮೆಡಿಕಲ್ ಕಾಲೇಜು ನಿಲ್ದಾಣ. ಟಿ. ನಗರದ ರಂಗನಾಥನ್ ಸ್ಟ್ರೀಟ್‌ನಲ್ಲಿ ಸೀರೆ ನೋಡುವ ಭರದಲ್ಲಿ ಬ್ಯಾಗ್ ಬೆನ್ನಿಗೆ ಹೋದರೆ ಕಥೆ ಮುಗಿಯಿತು. ಅದನ್ನು ಎದೆಯ ಮುಂದೆ ಹಾಕಿಕೊಳ್ಳಲಿ. ಪರ್ಸ್, ಮೊಬೈಲ್ ಹಿಂದಿನ ಜೇಬಿನಲ್ಲಿ ಬೇಡ. ದುಡ್ಡು, ಕಾರ್ಡು, ಆಧಾರ್ ಎಲ್ಲವೂ ಒಂದೇ ಕಡೆ ಇರುವುದು ಬೇಡ.

ಇಷ್ಟಾದರೂ ಏನಾದರೂ ಹೋದರೆ? ತಮಿಳು ಬಾರದು ಎಂದು ಸುಮ್ಮನಾಗಬಾರದು. ತುರ್ತಿಗೆ 112, ರೈಲಿನಲ್ಲಿದ್ದರೆ 139, ಖಾತೆಯಿಂದ ಹಣ ಲಪಟಾಯಿಸಿದರೆ ತಡಮಾಡದೆ 1930. ಮೊಬೈಲ್ ಹೋದರೆ ಮೊದಲು ಸಿಮ್ ಹಾಗೂ ಬ್ಯಾಂಕ್ ಖಾತೆ ನಿಲ್ಲಿಸಿ. ಪೊಲೀಸ್ ದೂರಿನ ಪ್ರತಿ ಪಡೆದು ‘ಸಂಚಾರ್ ಸಾಥಿ’ಯಲ್ಲಿ ಹ್ಯಾಂಡ್‌ಸೆಟ್ಟನ್ನೇ ಬ್ಲಾಕ್ ಮಾಡಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನ ಪ್ರಕಾರ, ಗಂಭೀರ ಪ್ರಕರಣಗಳಲ್ಲಿ ‘ಇದು ನಮ್ಮ ವ್ಯಾಪ್ತಿ ಅಲ್ಲ’ ಎಂದು ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಭಾಷೆ ತೊಡಕಾದರೆ ಜೊತೆಗೆ ಹೋಗಲು ನಾವಿದ್ದೇವಲ್ಲ.

ಆದರೆ ಜೊತೆಗೆ ಹೋಗಬೇಕೆಂದರೆ ಮೊದಲು ವಿಷಯ ನಮಗೆ ಗೊತ್ತಾಗಬೇಕು. ‘ಇಷ್ಟು ವಯಸ್ಸಾಗಿ ಮೋಸ ಹೋದೆ ಅಂತ ನಾಚಿಕೆ ಆಯ್ತು ಕಣೋ’ ಎಂದರು ಚಿಕ್ಕಪ್ಪ. ಒಂದೂವರೆ ಸಾವಿರ ಹೋದದ್ದು ದೊಡ್ಡದಲ್ಲ. ಮೂರು ದಿನ ನಮ್ಮ ಮನೆಯಲ್ಲೇ ಇದ್ದು ಅದನ್ನು ನುಂಗಿಕೊಂಡರಲ್ಲ, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಮುಂದಿನ ಬಾರಿ ನಿಮ್ಮವರು ಟಿಕೆಟ್ ಬುಕ್ ಮಾಡಿದ ದಿನವೇ ಫೋನ್ ಮಾಡಿ ಇಷ್ಟು ಹೇಳಿಬಿಡಿ: ಏನೇ ಆದರೂ ಮೊದಲು ನನಗೆ ಹೇಳಿ, ಬೈಯುವುದಿಲ್ಲ.