ಮೀನಿನ ಹೊಟ್ಟೆ ಉಬ್ಬಿದರೆ

ಹೋದ ವರ್ಷ ನಮ್ಮ ಮನೆಯ ಗೋಲ್ಡ್‌ಫಿಷ್‌ನ ಹೊಟ್ಟೆ ಉಬ್ಬಿದಾಗ, ‘ಮೊಟ್ಟೆ ಇಡತ್ತೇನೋ’ ಅಂತ ಖುಷಿಪಟ್ಟು ಇನ್ನಷ್ಟು ತಿಂಡಿ ಹಾಕಿದೆ. ನಾಲ್ಕನೇ ದಿನ ಸತ್ತೇಹೋಯಿತು. ಮಗಳು ಊಟ ಬಿಟ್ಟು ಅತ್ತಳು. ನೀವು ಹಾಗೆ ಮಾಡಬೇಡಿ, ಸೋದರಿಯರೇ.

ಮೊದಲು ಮೀನನ್ನು ಮೇಲಿನಿಂದ ನೋಡಿ. ಹುರುಪೆ ಮೈಗೆ ಅಂಟಿಕೊಂಡೇ ಇದ್ದರೆ ಬಹುಶಃ ಅಜೀರ್ಣ: ಎರಡು ಮೂರು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯ ಚೂರು ಕೊಡಿ.

ಹುರುಪೆಯೆಲ್ಲಾ ನಿಮಿರಿ ನಿಂತಿದ್ದರೆ ಒಳಗೆ ನೀರು ತುಂಬಿದೆ, ಮೂತ್ರಪಿಂಡ ಕೆಟ್ಟಿರಬಹುದು. ಕೂಡಲೇ ಬೇರೆ ತೊಟ್ಟಿಗೆ ಬಿಟ್ಟು, 20 ಲೀಟರ್ ನೀರಿಗೆ ಒಂದು ಟೀ ಚಮಚ ಎಪ್ಸಮ್ ಉಪ್ಪು ಕರಗಿಸಿ, ಪಶುವೈದ್ಯರನ್ನು ಕೇಳಿ. ಆದರೂ ಉಳಿಯುವುದು ಕಷ್ಟವೇ.

ಕೊಳಕು ನೀರೇ ಈ ರೋಗಕ್ಕೆ ದಾರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ತಿಂಡಿ ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಸಾಕು.